ಸೋಗೆ ಮಾಡಿನ ಮೇಲೆ ನಾಯಿ ಮಲಗುವುದಿಲ್ಲ

(ನಮ್ಮೂರಿನ ಗ್ರಂಥಾಲಯದಲ್ಲಿ ಇಂಗ್ಲಿಷ್ ನುಡಿಗಟ್ಟುಗಳ ಬಗ್ಗೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಂಥ ಜಡಿಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಸಂತೋಷ. ಮಳೆಯಿಂದಲೇ ಶುರು ಮಾಡುತ್ತೇನೆ.

ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು ನಾನು. ಒಂದು ಮಳೆಗಾಲದಲ್ಲಿ 'ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಎಂಬ ನುಡಿಗಟ್ಟು ಪಾಠದಲ್ಲಿ ಬಂತು. ಜೋರು ಮಳೆ ಎಂದು ಅರ್ಥ ಹೇಳಿ ಮುಂದೆ ಹೋಗಬಹುದಿತ್ತು. ಆದರೆ ಅದರ ಹಿಂದಿನ ಕಥೆಯನ್ನೂ ಹೇಳಿದೆ. ಹಳೆಯ ಇಂಗ್ಲೆಂಡಿನಲ್ಲಿ ಹುಲ್ಲಿನ ಮನೆಗಳಿದ್ದವಂತೆ, ಬೆಚ್ಚಗಿರುತ್ತದೆಂದು ನಾಯಿ ಬೆಕ್ಕುಗಳು ಮಾಡಿನ ಮೇಲೆ ಮಲಗುತ್ತಿದ್ದವಂತೆ, ಜೋರು ಮಳೆ ಬಂದರೆ ಹುಲ್ಲು ಜಾರಿ ಅವೆಲ್ಲ ದಬದಬ ಕೆಳಗೆ ಬೀಳುತ್ತಿದ್ದವಂತೆ. ಹುಡುಗರು ನಕ್ಕರು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಸಾರ್, ನಮ್ಮನೇದು ಸೋಗೆ ಮಾಡು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅಪ್ಪಯ್ಯನ ಜೊತೆ ನಾನೂ ಸೋಗೆ ಹೊದೆಸ್ತೀನಿ. ಆ ಇಳಿಜಾರಲ್ಲಿ ನಾಯಿಗೆ ನಿಲ್ಲೋಕೇ ಆಗಲ್ಲ. ಮಳೆ ಬಂದ್ರೆ ನಾಯಿ ಜಗಲಿಗೆ ಬರತ್ತೆ, ಮಾಡಿನ ಮೇಲೆ ಯಾಕೆ ಹೋಗತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ನೀರು ನಿಲ್ಲದೆ ಜಾರಿ ಹೋಗಲಿ ಎಂದೇ ಮಾಡನ್ನು ಅಷ್ಟು ಕಡಿದಾಗಿ ಇಳಿಸುತ್ತಾರೆ. ಒತ್ತಾಗಿ ಹೊದೆಸಿದ ಹುಲ್ಲಿನೊಳಗೆ ನಾಯಿ ನುಗ್ಗುವುದಕ್ಕೂ ಜಾಗವಿಲ್ಲ. ಮಾಡಿನ ಮೇಲೆ ಹತ್ತಿ ಕೆಲಸ ಮಾಡಿದ ಹುಡುಗಿಗೆ ಒಂದೇ ಕ್ಷಣದಲ್ಲಿ ಹೊಳೆದ ಮಾತು, ಪುಸ್ತಕ ಮಾತ್ರ ಓದಿದ ನನಗೆ ಅಷ್ಟು ವರ್ಷ ಹೊಳೆದಿರಲಿಲ್ಲ. ಅವತ್ತಿನಿಂದ ನುಡಿಗಟ್ಟುಗಳ ಮೂಲ ಹುಡುಕುವುದು ನನಗೆ ಬಿಡಲಾಗದ ಕೆಲಸವಾಯಿತು. ಯಾವ ಕಥೆ ಕೇಳಿದರೂ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಆ ಕೆಲಸ ಮಾಡುತ್ತಿದ್ದವರು ಇದನ್ನು ಒಪ್ಪುತ್ತಾರೆಯೇ? ಈ ಮಾತು ಬರಹದಲ್ಲಿ ಮೊದಲು ಕಾಣಿಸಿದ್ದು ಯಾವ ಇಸವಿಯಲ್ಲಿ?

ಆ ಹುಲ್ಲಿನ ಮಾಡಿನ ಕಥೆ ಜಗತ್ತಿನ ತುಂಬ ಹಬ್ಬಿದ್ದು ಒಂದು ಇಮೇಲ್‌ನಿಂದ. 1999ರಲ್ಲಿ '1500ರ ಕಾಲದ ಬದುಕು' ಎಂಬ ತಲೆಬರಹ ಹೊತ್ತು ಅದು ಒಬ್ಬರಿಂದ ಒಬ್ಬರಿಗೆ ಹೋಯಿತು. ಇಂದಿಗೂ ಅದರ ತುಂಡುಗಳು ವಾಟ್ಸಾಪ್‌ನಲ್ಲಿ ಬರುತ್ತವೆ, ನಿಮಗೂ ಬಂದಿರಬಹುದು. ನಿಜ ಸಂಗತಿ ಬೇರೆ. ಹೆನ್ರಿ ವಾನ್ ಎಂಬ ವೇಲ್ಸ್ ನಾಡಿನ ಕವಿ 1651ರ ತನ್ನ ಸಂಕಲನದಲ್ಲಿ ಊರೂರು ತಿರುಗಿ ಸಾಮಾನು ಮಾರುವವರ ಬಗ್ಗೆ ಬರೆಯುತ್ತಾ, ನಾಯಿ ಬೆಕ್ಕುಗಳೇ ಮಳೆಯಾಗಿ ಸುರಿದರೂ ಸರಕನ್ನು ಕಾಪಾಡುವಂಥ ಸೂರು ಅವರಿಗೆ ಬೇಕು ಎನ್ನುತ್ತಾನೆ. ನೋಡಿ, ಇಲ್ಲೂ ಸೂರು ಇದೆ. ಆದರೆ ನಾಯಿ ಸೂರಿನಿಂದ ಬೀಳುತ್ತಿಲ್ಲ, ಸೂರಿನ ಮೇಲೆ ಬೀಳುತ್ತಿದೆ! ಆಮೇಲೆ 1710ರಲ್ಲಿ ಜೊನಾಥನ್ ಸ್ವಿಫ್ಟ್ ಲಂಡನ್ನಿನ ಮಳೆಯ ಮೇಲೊಂದು ಪದ್ಯ ಬರೆದ. ಅದರ ಕೊನೆಯಲ್ಲಿ ಮೋರಿ ಉಕ್ಕಿ, ಮುಳುಗಿ ಸತ್ತ ನಾಯಿಮರಿ, ಸತ್ತ ಬೆಕ್ಕು, ನಾರುವ ಮೀನು, ಕೊಳೆತ ಸೊಪ್ಪು ಎಲ್ಲ ಬೀದಿಯಲ್ಲಿ ತೇಲಿ ಬರುತ್ತವೆ. ಈಗಿನ ರೂಪದಲ್ಲೇ ಈ ನುಡಿಗಟ್ಟು ಸಿಗುವುದು ಅದೇ ಸ್ವಿಫ್ಟ್ 1738ರಲ್ಲಿ ಪ್ರಕಟಿಸಿದ ಸಂಭಾಷಣೆಗಳ ಪುಸ್ತಕದಲ್ಲಿ. ಪದ್ಯವೇ ಮೂಲ ಎಂದು ಕೆಲವರು ಹೇಳುತ್ತಾರೆ. ಅದಕ್ಕೆ ಅರವತ್ತು ವರ್ಷ ಮೊದಲೇ ವಾನ್ ಬರೆದಿರುವುದರಿಂದ ನಾನು ಒಪ್ಪುವುದಿಲ್ಲ. ಕುಂಭದ್ರೋಣ ಮಳೆ ಎನ್ನುವ ನಮಗೂ ಆಕಾಶದಲ್ಲಿ ಯಾರೋ ಕೊಡ ಬಗ್ಗಿಸಿದರು ಎಂಬ ನಂಬಿಕೆಯೇನೂ ಬೇಕಿಲ್ಲ. ಹಿಗ್ಗಿಸಿ ಹೇಳುವ ಸುಖಕ್ಕೇ ಹುಟ್ಟಿದ ಮಾತುಗಳು ಎಲ್ಲ ಭಾಷೆಯಲ್ಲೂ ಇರುತ್ತವೆ.

ಅದೇ ಇಮೇಲ್‌ನಲ್ಲಿ ಇನ್ನೊಂದು ಕಥೆ ಇತ್ತು. ಮನೆಮಂದಿಯೆಲ್ಲ ಒಂದೇ ತೊಟ್ಟಿಯ ನೀರಿನಲ್ಲಿ ಮೀಯುತ್ತಿದ್ದರು, ಕೊನೆಗೆ ಮಗುವಿನ ಸರದಿ ಬರುವಾಗ ನೀರು ಎಷ್ಟು ಕೊಳೆಯಾಗಿರುತ್ತಿತ್ತೆಂದರೆ ಒಳಗಿನ ಮಗುವೇ ಕಾಣುತ್ತಿರಲಿಲ್ಲ, ಹಾಗಾಗಿ 'ಸ್ನಾನದ ನೀರಿನ ಜೊತೆ ಮಗುವನ್ನೂ ಚೆಲ್ಲಬೇಡ' ಎಂಬ ಮಾತು ಬಂತು ಎಂದು. ಆ ಮಾತು ಇಂಗ್ಲಿಷರದ್ದೇ ಅಲ್ಲ. ಅದು ಜರ್ಮನ್. ಥಾಮಸ್ ಮುರ್ನರ್ 1512ರಲ್ಲಿ ಮೂರ್ಖರನ್ನು ಕುರಿತು ಬರೆದ ವಿಡಂಬನೆಯಲ್ಲಿ ಅದು ಇದೆ. ಜೊತೆಗೆ ಮರದಚ್ಚಿನ ಚಿತ್ರವೊಂದಿದೆ, ಹೆಂಗಸೊಬ್ಬಳು ತೊಟ್ಟಿ ಬಗ್ಗಿಸುತ್ತಿದ್ದಾಳೆ, ನೀರಿನ ಜೊತೆ ಕೂಸೂ ಜಾರುತ್ತಿದೆ. ಜರ್ಮನ್ ಚೆನ್ನಾಗಿ ಬಲ್ಲ ಥಾಮಸ್ ಕಾರ್ಲೈಲ್ ಅದನ್ನು ಇಂಗ್ಲಿಷಿನಲ್ಲಿ ಬಳಸಿದ್ದು 1849ರಲ್ಲಿ. ನಮ್ಮ ಪತ್ರಿಕೆಗಳಲ್ಲಿ ಈಗ ಇದನ್ನು ಅಕ್ಷರಶಃ ಅನುವಾದಿಸಿ ಬರೆಯುತ್ತಾರೆ. ನನಗದು ಇಷ್ಟವಾಗುವುದಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ ಎಂದು ನಮ್ಮ ಅಜ್ಜಿಯರು ಅದನ್ನೇ ಚೊಕ್ಕವಾಗಿ ಹೇಳುತ್ತಿದ್ದರಲ್ಲ!

ಈಗ ಹಡಗಿಗೆ ಬರೋಣ. ನನಗೆ ತುಂಬ ಪ್ರೀತಿಯ ಭಾಗ ಇದು, ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ.

ನಮ್ಮ ಗಾದೆಗಳಲ್ಲಿ ಎತ್ತು, ನೇಗಿಲು, ಕಣ, ಒನಕೆ ಎಷ್ಟಿವೆಯೋ ಇಂಗ್ಲಿಷಿನಲ್ಲಿ ಹಾಯಿ, ಹಗ್ಗ, ಲಂಗರು ಅಷ್ಟಿವೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂದರೆ ನೇಗಿಲು ಹಿಡಿದವನ ಅಂಗೈಗೆ ಆ ನೋವು ಗೊತ್ತು. ಹಾಗೆಯೇ ಇಂಗ್ಲಿಷಿನ ನೂರಾರು ಮಾತುಗಳು ಹಡಗಿನ ಹಗ್ಗ ಎಳೆದು ಅಂಗೈ ಸುಲಿದುಕೊಂಡವರ ಬಾಯಿಂದ ಬಂದವು.

ಕುಡಿದು ತೂರಾಡುವವನನ್ನು 'ಥ್ರೀ ಶೀಟ್ಸ್ ಟು ದ ವಿಂಡ್' ಎನ್ನುತ್ತಾರೆ. ಶೀಟ್ ಎಂದರೆ ಬಟ್ಟೆ, ಬಟ್ಟೆ ಎಂದರೆ ಹಾಯಿ ಎಂದು ನಾವು ಊಹಿಸುತ್ತೇವೆ. ಅಲ್ಲ. ನಾವಿಕರ ಮಾತಿನಲ್ಲಿ ಶೀಟ್ ಎಂದರೆ ಹಗ್ಗ. ಹಾಯಿಯ ಕೆಳತುದಿಗೆ ಕಟ್ಟಿ, ಬಿಗಿ ಮಾಡಿ ಸಡಿಲ ಮಾಡಿ ಹಾಯಿಯನ್ನು ಅಂಕೆಯಲ್ಲಿ ಇಡುವ ಹಗ್ಗ. ಅದು ಕೈತಪ್ಪಿದರೆ ಹಾಯಿ ಗಾಳಿ ಹಿಡಿಯುವುದಿಲ್ಲ, ಪಟಪಟ ಬಡಿದುಕೊಳ್ಳುತ್ತದೆ. ಅಂಥ ಮೂರು ಹಗ್ಗ ಒಟ್ಟಿಗೆ ಬಿಚ್ಚಿಹೋದ ಹಡಗು ಹೇಗೆ ಹೋದೀತು ಎಂದು ಯೋಚಿಸಿ. ಆ ಕಡೆ ವಾಲಿ, ಈ ಕಡೆ ವಾಲಿ, ಹೋಗಬೇಕಾದ ದಿಕ್ಕು ಮರೆತು. ಹೆಂಡದಂಗಡಿಯಿಂದ ಹೊರಬಿದ್ದ ಗೆಳೆಯನನ್ನು ಕಂಡು ನಾವಿಕನಿಗೆ ಆ ಹಡಗು ನೆನಪಾಯಿತು.

'ಬೈ ಅಂಡ್ ಲಾರ್ಜ್' ಎಂದರೆ ಒಟ್ಟಾರೆಯಾಗಿ ಎಂದು ನಾವು ದಿನವೂ ಬರೆಯುತ್ತೇವೆ. ಇದರಲ್ಲಿ ಬೈ ಏನು, ಲಾರ್ಜ್ ಏನು? ಗಾಳಿ ಬೀಸಿ ಬರುವ ದಿಕ್ಕಿನತ್ತಲೇ ಎಷ್ಟು ಸಾಧ್ಯವೋ ಅಷ್ಟು ಮೂತಿ ತಿರುಗಿಸಿ, ಗಾಳಿಯ ಜೊತೆ ಗುದ್ದಾಡುತ್ತಾ ಹೋಗುವುದು 'ಬೈ'. ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಹಾಯಾಗಿ ಸಾಗುವುದು 'ಲಾರ್ಜ್'. ಎರಡು ಬಗೆಯಲ್ಲೂ ಚೆನ್ನಾಗಿ ಓಡುವ ಹಡಗು ಒಳ್ಳೆಯ ಹಡಗು. ಸ್ಯಾಮ್ಯುಯಲ್ ಸ್ಟರ್ಮಿ ಎಂಬ ಕಪ್ತಾನ ನಾವಿಕರಿಗಾಗಿ 1669ರಲ್ಲಿ ಹೊರತಂದ ಪುಸ್ತಕದಲ್ಲಿ ಈ ಜೋಡಿ ಪದ ಇದೇ ಅರ್ಥದಲ್ಲಿ ಇದೆ. ಎಲ್ಲ ಗಾಳಿಯಲ್ಲೂ ಎಂಬುದು ಕ್ರಮೇಣ ಎಲ್ಲ ಬಗೆಯಿಂದಲೂ ಆಯಿತು, ಆಮೇಲೆ ಒಟ್ಟಾರೆ ಆಯಿತು.

'ಬಿಟರ್ ಎಂಡ್' ಇನ್ನೂ ಸ್ವಾರಸ್ಯ. ಕೊನೆಯವರೆಗೂ ಬಿಡದೆ ಹೋರಾಡುವುದು. ಕಹಿಯಾದ ಕೊನೆ ಎಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ಹಡಗಿನ ಮುಂಭಾಗದಲ್ಲಿ ಲಂಗರಿನ ಹಗ್ಗ ಸುತ್ತುವ ಗಟ್ಟಿ ಮರದ ಗೂಟಗಳಿರುತ್ತವೆ, ಅವುಗಳ ಹೆಸರು ಬಿಟ್ಸ್. ಅಲ್ಲಿ ಸುತ್ತಿದ ಸುತ್ತು ಬಿಟರ್. ಹಡಗಿನೊಳಗೇ ಉಳಿಯುವ ಹಗ್ಗದ ತುದಿ ಬಿಟರ್ಸ್ ಎಂಡ್. ಇದನ್ನು ಬರೆದಿಟ್ಟವನು ಅಮೆರಿಕದ ವರ್ಜೀನಿಯಾದಲ್ಲಿ ವಸಾಹತು ಕಟ್ಟಿದವರಲ್ಲಿ ಒಬ್ಬನಾದ ಕಪ್ತಾನ್ ಜಾನ್ ಸ್ಮಿತ್, 1627ರಲ್ಲಿ. ಆಳ ಹೆಚ್ಚಿದಷ್ಟೂ ಹಗ್ಗ ಬಿಡುತ್ತಾ ಹೋಗುತ್ತಾರೆ. ಬಿಟ್ಟು ಬಿಟ್ಟು ಆ ತುದಿಗೆ ಬಂದರೆ ಮುಗಿಯಿತು, ಇನ್ನು ಬಿಡಲು ಹಗ್ಗವಿಲ್ಲ. ಬೈಬಲ್ಲಿನ ಜ್ಞಾನೋಕ್ತಿಗಳಲ್ಲಿ ಕೊನೆಗೆ ಕಹಿಯಾಗುವ ಹೆಣ್ಣಿನ ಸಹವಾಸದ ಮಾತೂ ಒಂದು ಇದೆ, ಅದೂ ಈ ನುಡಿಗಟ್ಟಿನೊಳಗೆ ಬೆರೆತಿರಬಹುದು. ಇದರಲ್ಲಿ ನನ್ನ ಒಲವು ಹಗ್ಗದ ಕಡೆಗೆ.

ಇನ್ನು ನಮ್ಮ ದೇಶದ ಹೆಸರು ಹೇಳಿಕೊಂಡು ತಿರುಗುವ ಕಥೆಗಳು. ಇವನ್ನು ನಾವು ಹೆಮ್ಮೆಯಿಂದ ನಂಬುತ್ತೇವೆ. ಅದಕ್ಕೇ ಇವುಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು.

'ಬೈಟ್ ದ ಬುಲೆಟ್' ಎಂದರೆ ಕಷ್ಟವನ್ನು ಅವುಡುಗಚ್ಚಿ ಎದುರಿಸುವುದು. 1857ರಲ್ಲಿ ಸಿಪಾಯಿಗಳಿಗೆ ಹಸು ಮತ್ತು ಹಂದಿಯ ಕೊಬ್ಬು ಸವರಿದ ತೋಟೆಗಳನ್ನು ಕಚ್ಚಲು ಹೇಳಿದರಲ್ಲ, ಅಲ್ಲಿಂದ ಬಂತು ಎಂದು ಹಲವರು ಹೇಳುತ್ತಾರೆ. ನಾನೂ ಭಾಷಣಗಳಲ್ಲಿ ಕೇಳಿದ್ದೇನೆ. ಆದರೆ ಎನ್‌ಫೀಲ್ಡ್ ಬಂದೂಕಿನ ತೋಟೆ ಹೇಗಿತ್ತು? ಕಾಗದದ ಕೊಳವೆ, ಒಳಗೆ ಮದ್ದು ಮತ್ತು ಗುಂಡು. ಸಿಪಾಯಿ ಹಲ್ಲಿನಿಂದ ಹರಿಯುತ್ತಿದ್ದದ್ದು ಕಾಗದದ ತುದಿಯನ್ನು. ಗುಂಡನ್ನು ಯಾರೂ ಕಚ್ಚುತ್ತಿರಲಿಲ್ಲ. ಗುಂಡು ಕಚ್ಚಿದವರು ಬೇರೆಯವರು. 18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿಸ್ ಗ್ರೋಸ್ ಎಂಬಾತ ಬೀದಿ ಮಾತುಗಳ ನಿಘಂಟು ಮಾಡಿದ. ಅದರಲ್ಲಿ 'ನೈಟಿಂಗೇಲ್' ಎಂಬ ಪದವಿದೆ. ಹಾಡುವ ಹಕ್ಕಿಯ ಹೆಸರು, ಆದರೆ ಸೈನ್ಯದಲ್ಲಿ ಚಾಟಿಯೇಟು ತಿನ್ನುವಾಗ ಕಿರುಚಿಕೊಳ್ಳುವವನನ್ನು ಹಾಗೆ ಹಂಗಿಸುತ್ತಿದ್ದರು. ಒಂಬತ್ತು ಎಳೆಯ ಚಾಟಿ ಬೆನ್ನ ಮೇಲೆ ಬೀಳುತ್ತಿರುವಾಗಲೂ ಕೂಗದಿರುವುದು ಕೆಲವು ದಳಗಳಲ್ಲಿ ಮರ್ಯಾದೆಯ ಪ್ರಶ್ನೆ. ಆ ಕೂಗು ಹೊರಬರದಿರಲಿ ಎಂದು ಅವರು ಸೀಸದ ಗುಂಡು ಅಗಿಯುತ್ತಿದ್ದರು. ಈ ವಿವರ 1857ಕ್ಕೆ ಅರ್ಧ ಶತಮಾನಕ್ಕೂ ಮೊದಲೇ ಅಚ್ಚಾಗಿದೆ. ನುಡಿಗಟ್ಟು ಈಗಿನ ಅರ್ಥದಲ್ಲಿ ಕಾಣುವುದು 1891ರಲ್ಲಿ ಕಿಪ್ಲಿಂಗ್‌ನ ಒಂದು ಕಾದಂಬರಿಯಲ್ಲಿ. ತೋಟೆಯ ಕಥೆ ಹೇಳುವಾಗ ಚಾಟಿಯೇಟು ತಿಂದ ಆ ಬಡ ಸೈನಿಕರು ಮರೆತೇ ಹೋಗುತ್ತಾರೆ. ನನಗೆ ಬೇಸರವಾಗುವುದು ಅದಕ್ಕೆ. ಸುಳ್ಳು ಕಥೆಯೊಂದು ಊರು ಸುತ್ತಿದರೆ, ನಿಜಕ್ಕೂ ನೋವುಂಡವರ ಹೆಸರು ಅಳಿಸಿಹೋಗುತ್ತದೆ.

'ಐ ಡೋಂಟ್ ಗಿವ್ ಎ ಡ್ಯಾಮ್' ಎಂಬುದು ಮೊಗಲರ 'ದಾಮ್' ನಾಣ್ಯದಿಂದ ಬಂತು ಎಂಬುದು ಇನ್ನೊಂದು. ಅಕ್ಬರನ ಕಾಲದಲ್ಲಿ ಒಂದು ರೂಪಾಯಿಗೆ ನಲವತ್ತು ದಾಮ್. ಬಿಡಿಗಾಸಿಗೂ ಲೆಕ್ಕಿಸುವುದಿಲ್ಲ ಎಂಬ ಅರ್ಥ ಸೊಗಸಾಗಿ ಹೊಂದುತ್ತದೆ. ಇಂಡಿಯಾದಲ್ಲಿದ್ದ ಇಂಗ್ಲಿಷರ ಮಾತುಗಳನ್ನು ಕೂಡಿಹಾಕಿದ 1886ರ 'ಹಾಬ್ಸನ್-ಜಾಬ್ಸನ್' ನಿಘಂಟು ಕೂಡ ಈ ಊಹೆಯತ್ತ ವಾಲಿತು. ಆದರೆ ಆಕ್ಸ್‌ಫರ್ಡ್ ನಿಘಂಟು ಮಾಡಿದವರು ಆಧಾರವಿಲ್ಲವೆಂದು ಅದನ್ನು ತಳ್ಳಿಹಾಕಿದರು. ಶಾಪ ಹಾಕುವ ಡ್ಯಾಮ್ ಇಂಗ್ಲಿಷಿನಲ್ಲಿ ಮೊದಲೇ ಇರುವಾಗ ಆಗ್ರಾದ ಟಂಕಸಾಲೆಯವರೆಗೆ ಹೋಗಬೇಕಾದ್ದಿಲ್ಲ. ಸಿರಿವಂತ ಠೀವಿಯದು ಎಂಬರ್ಥದ 'ಪಾಶ್' ಪದದ ಕಥೆಯೂ ಹೀಗೆಯೇ. ಇಂಡಿಯಾಕ್ಕೆ ಬರುವ ಹಡಗುಗಳಲ್ಲಿ ಶ್ರೀಮಂತರು ಹೋಗುವಾಗ ಎಡಬದಿಯ, ವಾಪಸು ಬರುವಾಗ ಬಲಬದಿಯ ನೆರಳಿನ ಕೋಣೆ ಹಿಡಿಯುತ್ತಿದ್ದರು, 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಎಂಬ ನಾಲ್ಕು ಮಾತಿನ ಮೊದಲಕ್ಷರ ಟಿಕೆಟ್ಟಿನ ಮೇಲೆ ಒತ್ತುತ್ತಿದ್ದರು ಎನ್ನುತ್ತಾರೆ. ಅಂಥ ಒಂದೇ ಒಂದು ಟಿಕೆಟ್ ಇದುವರೆಗೆ ಸಿಕ್ಕಿಲ್ಲ.

ನಮ್ಮಿಂದ ಹೋದ ಮಾತುಗಳು ಇಲ್ಲವೆಂದಲ್ಲ. ಸುಖದ ಕೆಲಸಕ್ಕೆ 'ಕುಶಿ' ಎನ್ನುವುದು ನಮ್ಮ ಖುಷಿಯಿಂದಲೇ ಹೋಯಿತು, ಒಮ್ಮೆ ನೋಡು ಎನ್ನಲು 'ಡೆಕ್ಕೊ' ಎಂಬುದು ಹಿಂದಿಯ ದೇಖೋ. ಎರಡನ್ನೂ ಒಯ್ದವರು ಇಲ್ಲಿ ಇದ್ದು ಹೋದ ಬ್ರಿಟಿಷ್ ಸಿಪಾಯಿಗಳು. ಇದ್ದದ್ದನ್ನು ನಮ್ಮದು ಎನ್ನೋಣ, ಇಲ್ಲದ್ದನ್ನು ಬೇಡ.

ಈಗ ಒಂದು ಆಡಿನ ಕಥೆ. ಯಾರದೋ ತಪ್ಪು ಹೊರುವವನನ್ನು 'ಸ್ಕೇಪ್‌ಗೋಟ್' ಎನ್ನುತ್ತಾರೆ. ಕನ್ನಡದಲ್ಲಿ ನಾವು ಹರಕೆಯ ಕುರಿ ಎಂದೋ ಬಲಿಪಶು ಎಂದೋ ಬರೆದು ಮುಗಿಸುತ್ತೇವೆ. ನಾನೂ ಎಷ್ಟೋ ವರ್ಷ ಹಾಗೇ ಬರೆಸಿದ್ದೇನೆ. ಮೂಲ ನೋಡಿದ ಮೇಲೆ ನಿಲ್ಲಿಸಿದೆ. ಬೈಬಲ್ಲಿನ ಯಾಜಕಕಾಂಡದ 16ನೇ ಅಧ್ಯಾಯದಲ್ಲಿ ಎರಡು ಆಡುಗಳಿವೆ. ಚೀಟಿ ಹಾಕುತ್ತಾರೆ. ಒಂದನ್ನು ಬಲಿ ಕೊಡುತ್ತಾರೆ. ಇನ್ನೊಂದರ ತಲೆಯ ಮೇಲೆ ಯಾಜಕ ಎರಡೂ ಕೈಯಿಟ್ಟು ಜನರ ಪಾಪಗಳನ್ನೆಲ್ಲ ಹೇಳಿ, ಅದನ್ನು ಕಾಡಿಗೆ ಅಟ್ಟಿಬಿಡುತ್ತಾನೆ. ಸ್ಕೇಪ್‌ಗೋಟ್ ಎಂದರೆ ಈ ಎರಡನೆಯ ಆಡು, ಅಂದರೆ ಸಾಯದೆ ಉಳಿದ ಆಡು. ಎಸ್ಕೇಪ್ ಎಂಬುದೇ ಅದರ ಹೆಸರಿನಲ್ಲಿದೆ. ಆ ಹೆಸರು ಕಟ್ಟಿದವನು ವಿಲಿಯಂ ಟಿಂಡೇಲ್. ಹೀಬ್ರೂ ಬೈಬಲ್ಲಿನ ಮೊದಲ ಐದು ಕಾಂಡಗಳನ್ನು 1530ರಲ್ಲಿ ಇಂಗ್ಲಿಷಿಗೆ ತಂದಾಗ, 'ಅಜಾಜೇಲ್' ಎಂಬ ಕಠಿಣ ಪದವನ್ನು ತಪ್ಪಿಸಿಕೊಂಡು ಹೋಗುವ ಆಡು ಎಂದು ಬಿಡಿಸಿಕೊಂಡ. ಅದು ಮರುಭೂಮಿಯ ಯಾವುದೋ ಶಕ್ತಿಯ ಹೆಸರು ಎಂದು ಈಗಿನ ಬಹಳಷ್ಟು ವಿದ್ವಾಂಸರ ಮತ. ಅನುವಾದಕನ ಒಂದು ಊಹೆಯಿಂದ ಒಂದು ಭಾಷೆಗೆ ಚಿರಕಾಲದ ಪದ ಸಿಕ್ಕಿತು. ಆ ಅನುವಾದಕನಿಗೆ ಸಿಕ್ಕಿದ್ದೇನು? ಧರ್ಮದ್ರೋಹದ ಆರೋಪ ಹೊರಿಸಿ 1536ರಲ್ಲಿ ಬ್ರಸೆಲ್ಸ್ ಹತ್ತಿರದ ವಿಲ್ವೋರ್ಡೆಯಲ್ಲಿ ಕತ್ತು ಬಿಗಿದು ಕೊಂದು, ದೇಹವನ್ನು ಸುಟ್ಟರು.

ನಮ್ಮ ಹರಕೆಯ ಕುರಿ ಬೇರೆಯದೇ ಜೀವ. ಬಸವಣ್ಣನವರ ವಚನದಲ್ಲಿ ಅದು ತನ್ನನ್ನು ಕೊಲ್ಲುತ್ತಾರೆಂದು ತಿಳಿಯದೆ ತೋರಣದ ತಳಿರು ಮೇಯುತ್ತಾ ನಿಂತಿದೆ. ಅಲ್ಲಿರುವುದು ಬರುವ ಸಾವಿನ ಅರಿವಿಲ್ಲದ ಮುಗ್ಧತೆ. ಬೇರೆಯವರ ಪಾಪದ ಹೊರೆ ಅಲ್ಲಿಲ್ಲ. ಸ್ಕೇಪ್‌ಗೋಟ್‌ನ ನೋವಿಗೆ ಹತ್ತಿರವಾದ ಮಾತು ಬೇಕೆಂದರೆ ಕೊಟ್ಟಿಗೆಗೆ ಹೋಗಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಕಾದ ಕಬ್ಬಿಣದ ಬರೆ ಹಾಕಿಸಿಕೊಂಡ ಎಮ್ಮೆಗೆ ತಾನೇನು ತಪ್ಪು ಮಾಡಿದೆ ಎಂದು ಗೊತ್ತಿಲ್ಲ. ಅನುವಾದ ಮಾಡುವ ಎಳೆಯರು ಇಲ್ಲಿದ್ದೀರಿ, ದಯವಿಟ್ಟು ಆ ಎಮ್ಮೆಯನ್ನು ಮರೆಯಬೇಡಿ.

ಗ್ರೀಕ್ ಬಗ್ಗೆ ಹೇಳದೆ ಹೋದರೆ ಕನ್ನಡಿಗರ ಸಭೆಯಲ್ಲಿ ಅನ್ಯಾಯವಾಗುತ್ತದೆ. ಏನೂ ಅರ್ಥವಾಗಲಿಲ್ಲ ಎನ್ನಲು 'ಇಟ್ ವಾಸ್ ಗ್ರೀಕ್ ಟು ಮಿ' ಎನ್ನುತ್ತಾರೆ. ಶೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕದಲ್ಲಿ ಕಾಸ್ಕ ಹೇಳುವ ಮಾತು ಅದು. ಅಲ್ಲಿ ಅದು ಬರೀ ಉಪಮೆಯಲ್ಲ, ಸಿಸೆರೊ ನಿಜಕ್ಕೂ ಗ್ರೀಕಿನಲ್ಲೇ ಮಾತನಾಡಿರುತ್ತಾನೆ. ಅದಕ್ಕೂ ಹಿಂದೆ ಮಧ್ಯಯುಗದ ವಿದ್ವಾಂಸರು ಹಸ್ತಪ್ರತಿಯಲ್ಲಿ ಗ್ರೀಕ್ ಬಂದಲ್ಲಿ 'ಇದು ಗ್ರೀಕ್, ಓದಲಾಗದು' ಎಂಬರ್ಥದ ಲ್ಯಾಟಿನ್ ಮಾತು ಹೇಳಿ ದಾಟಿಬಿಡುತ್ತಿದ್ದರು.

ಹಾಗಾದರೆ ಗ್ರೀಕರಿಗೆ ಅರ್ಥವಾಗದ ಭಾಷೆ ಯಾವುದು? ಈಜಿಪ್ಟಿನ ಆಕ್ಸಿರಿಂಕಸ್‌ನ ಮರಳಿನಲ್ಲಿ ಸಿಕ್ಕ ಒಂದು ಪಪೈರಸ್ 1903ರಲ್ಲಿ ಪ್ರಕಟವಾಯಿತು. ಅದೊಂದು ಗ್ರೀಕ್ ಪ್ರಹಸನ. ಇಂಡಿಯಾದ ಕರಾವಳಿಯ ರಾಜನೊಬ್ಬನ ಸೆರೆಯಲ್ಲಿ ಗ್ರೀಕ್ ಹೆಣ್ಣು ಇದ್ದಾಳೆ, ಅವಳ ಕಡೆಯವರು ರಾಜನಿಗೆ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ರಾಜನೂ ಅವನ ಜನರೂ ಆಡುವ ಮಾತುಗಳು ಗ್ರೀಕ್ ಅಲ್ಲ. ಅವು ಕನ್ನಡವೇ ಎಂದು ಜರ್ಮನ್ ವಿದ್ವಾಂಸ ಹುಲ್ಟ್ಸ್ 1904ರಲ್ಲಿ ಬರೆದರು, ಮುಂದೆ ಆರ್. ಶಾಮಾಶಾಸ್ತ್ರಿಗಳೂ ಮಂಜೇಶ್ವರ ಗೋವಿಂದ ಪೈಗಳೂ ಅದರ ಮೇಲೆ ದುಡಿದರು. ಒಪ್ಪದ ವಿದ್ವಾಂಸರೂ ಇದ್ದಾರೆ, ಪ್ರೇಕ್ಷಕರನ್ನು ನಗಿಸಲು ಕಟ್ಟಿದ ಬರೀ ಗೊಣಗೊಣ ಸದ್ದು ಅದು ಎನ್ನುತ್ತಾರೆ. ಸೋಗೆ ಮಾಡಿನ ಹುಡುಗಿಯ ಮುಂದೆ ನಿಂತವನಾಗಿ ನಾನೂ ಇದನ್ನು ಸಿದ್ಧವಾಯಿತೆಂದು ಹೇಳುವುದಿಲ್ಲ. ಆದರೂ ಆ ಸಾಲುಗಳನ್ನು ಗಟ್ಟಿಯಾಗಿ ಓದಿಕೊಂಡಾಗ ಮೈ ಜುಮ್ಮೆಂದದ್ದು ನಿಜ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಅದರಲ್ಲಿ ಒಂದನ್ನು ಬರೆಯಲೇಬೇಕು. 'ರೆಡ್ ಟೇಪ್' ಬಗ್ಗೆ ಕೇಳಿದರು. ಇಂಗ್ಲೆಂಡಿನಲ್ಲಿ ಕಾನೂನು ಮತ್ತು ಸರ್ಕಾರಿ ಕಾಗದಗಳನ್ನು ಕೆಂಪು ಪಟ್ಟಿಯಿಂದ ಕಟ್ಟುತ್ತಿದ್ದರು, ಅಲ್ಲಿನ ವಕೀಲರು ಇಂದಿಗೂ ನಸುಗೆಂಪು ಪಟ್ಟಿ ಕಟ್ಟುತ್ತಾರೆ, ಬಿಚ್ಚಿ ಕಟ್ಟುವುದರಲ್ಲೇ ಕಾಲ ಹೋಗುವ ಆಡಳಿತಕ್ಕೆ ಆ ಹೆಸರು ನಿಂತಿತು ಎಂದೆ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದರು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು.

"ಮೇಷ್ಟ್ರೇ, ನಮ್ಮಲ್ಲಿ ಪಟ್ಟಿ ಅಲ್ಲ, ಇಡೀ ಕೆಂಪು ಬಟ್ಟೇನೇ. ಹಳೇ ಕಡತ ಎಲ್ಲಾ ಅದರಲ್ಲಿ ಗಂಟು ಕಟ್ಟಿ ಇಡ್ತಿದ್ವಿ. ಗಂಟು ಹಾಕೋದಕ್ಕೂ ಒಂದು ಕ್ರಮ ಇತ್ತು. ಒಂದೇ ಎಳೆತಕ್ಕೆ ಬಿಚ್ಚಬೇಕು, ಇಲ್ಲಾಂದ್ರೆ ರೈತ ಕಾಯ್ತಾ ನಿಂತಿರ್ತಾನೆ."

ಹೆಗಲ ಮೇಲಿನ ಟವೆಲ್ ತೆಗೆದು, ಮೇಜಿನ ಮೇಲಿದ್ದ ನಾಲ್ಕು ಪುಸ್ತಕ ಸುತ್ತಿ, ಆ ಗಂಟನ್ನು ಹಾಕಿ ತೋರಿಸಿದರು. ಆಮೇಲೆ ತುದಿ ಹಿಡಿದು ಎಳೆದರು. ಒಂದೇ ಎಳೆತಕ್ಕೆ ಬಿಚ್ಚಿತು.